ಕರಟವನ್ನು ಬೋರಲು ಹಾಕಿ: ತೆಂಗಿನ ಸೀಮೆಯಲ್ಲಿ ಡೆಂಗಿಯನ್ನು ತಡೆಯುವ ವಾರದ ಕೆಲಸ

ಮುಂಗಾರಿನ ಮೊದಲ ಮಳೆಗಳು ಬಿದ್ದು, ತೋಟದ ಪಾತಿಗಳು ತೊಯ್ದು, ಹಿತ್ತಿಲ ಮಣ್ಣಿನಲ್ಲಿ ಹುಲ್ಲು ಚಿಗುರತೊಡಗಿದ ಕೆಲವೇ ವಾರಗಳಲ್ಲಿ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆಯಂತಹ ಊರುಗಳಲ್ಲಿಯೂ ನೆರೆಯ ತಿಪಟೂರು, ತುರುವೇಕೆರೆಗಳ ತೋಟದ ಮನೆಗಳಲ್ಲಿಯೂ ಜ್ವರದ ಮಾತು ಕೇಳಿಬರುವುದುಂಟು. ಮೈಕೈ ಮುರಿದಂತಹ ನೋವು, ಕಣ್ಣಿನ ಹಿಂಭಾಗದಲ್ಲಿ ಸೆಳೆತ, ದಿನಗಟ್ಟಲೆ ಇಳಿಯದ ತಾಪ, ಇವುಗಳಿಂದ ಮನೆಯಲ್ಲಿ ಒಬ್ಬರು ಮಲಗಿದರೆ ಅವರು ಚೇತರಿಸಿಕೊಳ್ಳುವುದರೊಳಗೆ ಮತ್ತೊಬ್ಬರು ಮಲಗುತ್ತಾರೆ. ಕಾಯಿ ಕೆಡವುವ ಕೆಲಸ ನಿಲ್ಲುತ್ತದೆ, ಮಕ್ಕಳಿಗೆ ಶಾಲೆ ತಪ್ಪುತ್ತದೆ, ಆಸ್ಪತ್ರೆಯ ಖರ್ಚಿಗೆಂದು ಅಟ್ಟದ ಕೊಬ್ಬರಿಯನ್ನು ದರ ನೋಡದೆ ಮಾರಬೇಕಾಗುತ್ತದೆ. ಆಗ ಗೃಹಸ್ಥರು ಕೇಳುವ ಪ್ರಶ್ನೆ ಒಂದೇ: “ನಮ್ಮ ಮನೆಯನ್ನು ಚೊಕ್ಕಟವಾಗಿಯೇ ಇಟ್ಟುಕೊಂಡಿದ್ದೇವೆ, ರಾತ್ರಿ ಸೊಳ್ಳೆಪರದೆಯನ್ನೂ ಕಟ್ಟುತ್ತೇವೆ, ಆದರೂ ಡೆಂಗಿ ಬಂದುದು ಹೇಗೆ?”

ಈ ಪ್ರಶ್ನೆ ನ್ಯಾಯವಾದುದೇ. ಡೆಂಗಿ ಕೇರಿಗೆ ಕೇರಿಯನ್ನೇ ಹಿಡಿಯುವ ರೋಗ. ಪಕ್ಕದ ಹಿತ್ತಿಲಿನಲ್ಲಿ ಹುಟ್ಟಿದ ಸೊಳ್ಳೆಗೆ ನಿಮ್ಮ ಬೇಲಿ ಅಡ್ಡಿಯಾಗಲಾರದು. ಆದುದರಿಂದ ಅದನ್ನು ತಡೆಯುವ ಕೆಲಸವೂ ಕೇರಿಯವರೆಲ್ಲರದೂ ಆಗಬೇಕು. ಎಲ್ಲ ಮನೆಯವರೂ ಒಂದೇ ದಿನ, ವಾರವಾರವೂ ತಪ್ಪದೆ ಮಾಡಿದ ಅರ್ಧ ಗಂಟೆಯ ಕೆಲಸವು, ಒಬ್ಬರೇ ದಿನವೆಲ್ಲ ಬೆವರು ಸುರಿಸಿ ಮಾಡಿದ ಕೆಲಸಕ್ಕಿಂತ ಹೆಚ್ಚಿನ ಫಲವನ್ನು ಕೊಡುತ್ತದೆ. ಅಂತಹ ಕಾರ್ಯಕ್ರಮವೊಂದನ್ನು ನಿಮ್ಮ ಊರಿನಲ್ಲಿ ಹೇಗೆ ಕಟ್ಟಬಹುದು, ಕಟ್ಟಿದುದನ್ನು ಹೇಗೆ ಉಳಿಸಿಕೊಳ್ಳಬಹುದು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಊರವರು ಕೂಡಿ ಸೊಳ್ಳೆಯನ್ನು ಎದುರಿಸುವುದು ನಮ್ಮ ನಾಡಿಗೆ ಹೊಸ ವಿಚಾರವಲ್ಲ. 2001ರ ಡಿಸೆಂಬರಿನಲ್ಲಿ ಕರ್ನಾಟಕದ ಮಲೇರಿಯಾಪೀಡಿತ ಜಿಲ್ಲೆಯೊಂದರಲ್ಲಿ ಸ್ಥಳೀಯರೇ ಆದ 30 ಮಂದಿ ಕಲಾವಿದರು ಎರಡು ವಾರಗಳ ಕಾಲ ಸಂಜೆಯ ಹೊತ್ತು ಕಲಾಜಾಥಾ ನಡೆಸಿ, ಶುದ್ಧವಾದ ನಿಂತ ನೀರಿನಲ್ಲಿಯೇ ಮಲೇರಿಯಾದ ಸೊಳ್ಳೆ ಬೆಳೆಯುವುದನ್ನೂ, ಅದರ ಮರಿಗಳನ್ನು ಮೀನುಗಳು ತಿಂದುಹಾಕುವುದನ್ನೂ ಆಡಿ ತೋರಿಸಿದರು. ಎರಡು ತಿಂಗಳ ತರುವಾಯ ವಿಚಾರಿಸಿದಾಗ, ಆ ಪ್ರದರ್ಶನವನ್ನು ನೋಡಿದವರ ತಿಳಿವಳಿಕೆ ನೋಡದವರದಕ್ಕಿಂತ ಬಹಳ ಮೇಲ್ಮಟ್ಟದಲ್ಲಿ ಇದ್ದುದು ಕಂಡುಬಂತು. ದೂರದ ನಿಕರಾಗುವಾ ಮತ್ತು ಮೆಕ್ಸಿಕೊ ದೇಶಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ, ಸರ್ಕಾರದ ಎಂದಿನ ಕ್ರಮಗಳ ಜೊತೆಗೆ ನಿವಾಸಿಗಳೇ ಸಂಘಟಿತರಾಗಿ, ಔಷಧವನ್ನು ನೆಚ್ಚದೆ, ನೀರಿನ ಪಾತ್ರೆಗಳ ಮೇಲೆ ಕಣ್ಣಿಟ್ಟ ಬಡಾವಣೆಗಳಲ್ಲಿ ಮಕ್ಕಳಿಗೆ ತಗಲಿದ ಡೆಂಗಿ ಸೋಂಕು ಉಳಿದ ಬಡಾವಣೆಗಳಿಗಿಂತ ಸುಮಾರು ಶೇ. 30ರಷ್ಟು ಕಡಮೆಯಾಗಿತ್ತು. ನಮ್ಮ ರಾಜ್ಯ ಸರ್ಕಾರವೂ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆಯ ಮರಿಗಳು ಬೆಳೆಯಲು ಆಸ್ಪದ ಕೊಟ್ಟ ಮನೆಗಳಿಗೆ ಗ್ರಾಮಾಂತರದಲ್ಲಿ 200 ರೂಪಾಯಿ, ನಗರಗಳಲ್ಲಿ 400 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ದಂಡದ ಭಯಕ್ಕಿಂತ ತಿಳಿವಳಿಕೆಯ ಬಲ ದೊಡ್ಡದಾದುದರಿಂದ, ಮೊದಲು ಕಾರಣವನ್ನು ತಿಳಿದುಕೊಳ್ಳೋಣ.

ಈ ಕ್ರಮವು ಫಲಿಸುವುದೇಕೆ?

ಡೆಂಗಿಯನ್ನೂ ಚಿಕೂನ್‌ಗುನ್ಯವನ್ನೂ ಹರಡುವುದು ಈಡಿಸ್ ಎಂಬ ಸೊಳ್ಳೆ. ಕಪ್ಪು ಮೈ, ಕಾಲುಗಳ ಮೇಲೆ ಬಿಳಿಯ ಪಟ್ಟೆ. ಇದು ಕಚ್ಚುವುದು ಹಗಲಿನಲ್ಲಿ, ಅದರಲ್ಲಿಯೂ ಬೆಳಗಿನ ಹೊತ್ತು ಮತ್ತು ಸಂಜೆ ಕತ್ತಲಾಗುವುದಕ್ಕೆ ಮುಂಚೆ. ರಾತ್ರಿಯ ಪರದೆಯೊಂದರಿಂದಲೇ ಇದರಿಂದ ಪಾರಾಗಲು ಸಾಧ್ಯವಿಲ್ಲದಿರುವುದಕ್ಕೆ ಇದೇ ಕಾರಣ. ಇದರ ಸ್ವಭಾವದಲ್ಲಿ ನಾಲ್ಕು ಸಂಗತಿಗಳನ್ನು ನೆನಪಿಟ್ಟುಕೊಂಡರೆ, ಮಾಡಬೇಕಾದ ಕೆಲಸವೆಲ್ಲ ತಾನಾಗಿಯೇ ಸ್ಪಷ್ಟವಾಗುತ್ತದೆ.

ಮೊದಲನೆಯದಾಗಿ, ಇದು ಮೊಟ್ಟೆಯಿಡುವುದು ಪಾತ್ರೆಗಳಲ್ಲಿ, ತೊಟ್ಟಿಗಳಲ್ಲಿ, ಕರಟಗಳಲ್ಲಿ ನಿಂತ ತಿಳಿನೀರಿನಲ್ಲಿ. ಕೊಳೆತು ನಾರುವ ಚರಂಡಿಯಲ್ಲಿ ಬೆಳೆಯುವ ಸೊಳ್ಳೆ ಸಾಮಾನ್ಯವಾಗಿ ಬೇರೊಂದು ಜಾತಿಯದು. ಎರಡನೆಯದಾಗಿ, ಮೊಟ್ಟೆಯೊಡೆದು ಮರಿಯಾಗಿ, ಕೋಶವಾಗಿ, ರೆಕ್ಕೆಯ ಸೊಳ್ಳೆಯಾಗಿ ಹಾರಲು ನಮ್ಮ ಹವೆಯಲ್ಲಿ 7ರಿಂದ 10 ದಿನಗಳು ಬೇಕು. ಆದುದರಿಂದ ಏಳು ದಿನಕ್ಕೊಮ್ಮೆ ನೀರನ್ನು ಚೆಲ್ಲಿದರೆ ಹಾರುವ ಮೊದಲೇ ಅದರ ಸಂತತಿ ನಾಶವಾಗುತ್ತದೆ. ಮೂರನೆಯದಾಗಿ, ಮೊಟ್ಟೆಗಳು ನೀರಿನ ಮಟ್ಟಕ್ಕೆ ತುಸು ಮೇಲೆ ಪಾತ್ರೆಯ ಒಳಮೈಗೆ ಅಂಟಿಕೊಂಡಿರುತ್ತವೆ. ನೀರು ಒಣಗಿದರೂ ಅವು ತಿಂಗಳುಗಟ್ಟಲೆ ಸಾಯದೆ ಉಳಿದು, ಮತ್ತೆ ನೀರು ತಾಗಿದೊಡನೆ ಒಡೆಯುತ್ತವೆ. ಬರಿಯ ಚೆಲ್ಲುವಿಕೆ ಸಾಲದು, ಉಜ್ಜುವುದೂ ಬೇಕು ಎಂಬುದು ಇದರಿಂದ ತಿಳಿಯುತ್ತದೆ. ನಾಲ್ಕನೆಯದಾಗಿ, ಈ ಸೊಳ್ಳೆ ಬಹು ದೂರ ಹಾರುವುದಿಲ್ಲ. ಹುಟ್ಟಿದ ಸ್ಥಳದಿಂದ ಕೆಲವು ನೂರು ಮೀಟರುಗಳೊಳಗೇ ತನ್ನ ಜೀವಿತವನ್ನು ಕಳೆಯುತ್ತದೆ. ನಿಮ್ಮನ್ನು ಕಚ್ಚಿದ ಸೊಳ್ಳೆ ನಿಮ್ಮ ಅಥವಾ ನಿಮ್ಮ ನೆರೆಹೊರೆಯವರ ಹಿತ್ತಿಲಿನಲ್ಲಿಯೇ ಹುಟ್ಟಿದ್ದೆಂದು ಬಹುಮಟ್ಟಿಗೆ ಹೇಳಬಹುದು. ಹಾಗೆಯೇ ಕೇರಿಯವರೆಲ್ಲ ಒಂದಾದರೆ ಕೇರಿಯ ಸೊಳ್ಳೆಯನ್ನು ಅಡಗಿಸಬಹುದೆಂಬ ಭರವಸೆಯೂ ಇದರಿಂದಲೇ ಒದಗುತ್ತದೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ, ಮಳೆ ಬಂದು ಒಂದು ವಾರವಾದ ಮೇಲೆ ಹಿತ್ತಿಲಿನಲ್ಲಿ ಅಂಗಾತ ಬಿದ್ದಿರುವ ಒಂದು ಕರಟವನ್ನು ಅಲುಗಿಸದೆ ಎತ್ತಿ, ಅದರೊಳಗಿನ ಎರಡು ಚಮಚದಷ್ಟು ನೀರನ್ನು ಬಿಳಿಯ ತಟ್ಟೆಗೆ ಸುರಿದು ಬೆಳಕಿಗೆ ಹಿಡಿಯಿರಿ. ನೂಲಿನ ತುಂಡಿನಂತಹ ಹುಳುಗಳು, ಎಂದರೆ ಸೊಳ್ಳೆಯ ಮರಿಗಳು, ತಲೆಯನ್ನು ಕೆಳಗೆ ಮಾಡಿ, ಬಾಲದ ತುದಿಯ ಸಣ್ಣ ಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ, ಉಸಿರಾಡುತ್ತ ತೂಗಾಡುತ್ತಿರುವುದು ಕಾಣುತ್ತದೆ. ನಿಮ್ಮ ಕೈಯ ನೆರಳು ಬಿದ್ದೊಡನೆ ಅವು ಮೈಯನ್ನು ಕೊಂಕಿಸಿಕೊಂಡು ತಳಕ್ಕೆ ಇಳಿಯುತ್ತವೆ. ಹುಳುಗಳ ನಡುವೆ ಅಲ್ಪವಿರಾಮದ ಚಿಹ್ನೆಯ ಆಕಾರದ ಕೋಶಗಳೂ ಇದ್ದರೆ, ಇನ್ನು ಒಂದೆರಡು ದಿನಗಳಲ್ಲಿ ಸೊಳ್ಳೆಗಳು ಹಾರಲಿವೆ ಎಂದು ತಿಳಿಯತಕ್ಕದ್ದು. ಈ ದೃಶ್ಯವನ್ನು ಒಮ್ಮೆ ಕಂಡ ಗೃಹಿಣಿಗೆ ಮತ್ತೆ ಉಪನ್ಯಾಸದ ಅಗತ್ಯವಿರುವುದಿಲ್ಲ.

ತೆಂಗಿನ ಸೀಮೆಯಲ್ಲಿ ನೀರು ನಿಲ್ಲುವ ಎಡೆಗಳು

ಪೇಟೆಗಾಗಿ ಅಚ್ಚಾದ ಭಿತ್ತಿಪತ್ರಗಳಲ್ಲಿ ಹೂಕುಂಡ, ಟೈರು, ಏರ್ ಕೂಲರುಗಳ ಚಿತ್ರಗಳೇ ಮುಖ್ಯವಾಗಿರುತ್ತವೆ. ನಮ್ಮ ಸೀಮೆಗೆ ಅವುಗಳ ಜೊತೆಗೆ ಬೇರೆಯೇ ಒಂದು ಪಟ್ಟಿ ಬೇಕು.

1. ಕಾಯಿ ಸುಲಿದ ಮಟ್ಟೆ: ಸುಲಿದ ಸಿಪ್ಪೆಯ ಒಂದೊಂದು ಹೋಳೂ ಒಂದೊಂದು ಬಟ್ಟಲು. ಗುಡ್ಡೆಹಾಕಿದ ಮಟ್ಟೆಯ ಮೇಲ್ಪದರದಲ್ಲಿ ಅಂಗಾತವಾದ ಹೋಳುಗಳಲ್ಲಿ ಮಳೆಯ ನೀರು ನಿಲ್ಲುತ್ತದೆ.

2. ಕರಟ, ಚಿಪ್ಪು, ಎಳನೀರಿನ ಬುರುಡೆ: ಅಡಿಗೆಮನೆಯಿಂದ ಹೊರಬಿದ್ದ ಕರಟ, ಕೊಬ್ಬರಿ ಒಡೆದಾಗ ಉಳಿದ ಚಿಪ್ಪು, ರಸ್ತೆಯ ಬದಿಯ ಎಳನೀರಿನ ಅಂಗಡಿಯ ಹಿಂದಿನ ರಾಶಿ.

3. ಇಲಿ, ಅಳಿಲು ಕೊರೆದು ಉದುರಿಸಿದ ಕಾಯಿ: ಸಣ್ಣ ತೂತಿನ ಮೂಲಕ ಒಳಗೆ ಸೇರಿದ ಮಳೆಯ ನೀರು ಬಿಸಿಲಿಗೂ ಆರುವುದಿಲ್ಲ, ಮರದ ಬುಡದಲ್ಲಿ ಬಿದ್ದಿರುವ ಇಂತಹ ಕಾಯನ್ನು ಯಾರೂ ಗಮನಿಸುವುದೂ ಇಲ್ಲ.

4. ನೀರಿನ ಸಂಗ್ರಹ: ನಲ್ಲಿಯಲ್ಲಿ ದಿನಬಿಟ್ಟು ದಿನ, ಕೆಲವೆಡೆ ಇನ್ನೂ ತಡವಾಗಿ ನೀರು ಬರುವ ಊರುಗಳಲ್ಲಿ ಡ್ರಮ್ಮು, ಸಂಪು, ಸಿಮೆಂಟಿನ ತೊಟ್ಟಿ, ಮಾಳಿಗೆಯ ಮೇಲಿನ ಟ್ಯಾಂಕುಗಳೇ ಸೊಳ್ಳೆಯ ಮುಖ್ಯ ತವರು. ಬೇಸಗೆಯಲ್ಲಿಯೂ ಡೆಂಗಿ ಕಾಣಿಸಿಕೊಳ್ಳುವುದು ಈ ಕಾರಣದಿಂದ.

5. ದನಗಳ ಕಲ್ಲುಬಾನಿ, ಕಲಗಚ್ಚಿನ ತೊಟ್ಟಿ, ಹಿತ್ತಿಲಿಗೆ ಸೇರಿದ ಹಳೆಯ ಒರಳುಕಲ್ಲು.

6. ಹುಲ್ಲಿನ ಬಣವೆಗೂ ಕೊಬ್ಬರಿಗೂ ಹೊದಿಸಿದ ಟಾರ್ಪಾಲಿನ ಮಡಿಕೆಗಳು, ಪಂಪುಮನೆಯ ಬಳಿಯ ಮುರಿದ ಬಕೆಟ್ಟು, ಬಳಕೆ ತಪ್ಪಿದ ಟೈರು, ಫ್ರಿಜ್ಜಿನ ಹಿಂದಿನ ತಟ್ಟೆ.

7. ಯಾರದೂ ಅಲ್ಲದ ಜಾಗಗಳು: ಬೀಗ ಹಾಕಿದ ಮನೆ, ಅರ್ಧಕ್ಕೆ ನಿಂತ ಕಟ್ಟಡ, ಶಾಲೆಯ ಮಾಳಿಗೆ, ದೇವಸ್ಥಾನದ ಹಿಂಭಾಗ, ಜಾತ್ರೆಯ ಮಾಳದಲ್ಲಿ ಉಳಿದ ಪ್ಲಾಸ್ಟಿಕ್ ಲೋಟಗಳು.

ಕಾರ್ಯಕ್ರಮವನ್ನು ಕಟ್ಟುವ ಕ್ರಮ

1. ಇರುವ ಸಮಿತಿಯನ್ನೇ ಎಬ್ಬಿಸಿ. ಹೊಸ ಸಂಘವನ್ನು ಕಟ್ಟುವ ಆವಶ್ಯಕತೆ ಇಲ್ಲ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಅಂಗವಾಗಿ ಕಂದಾಯ ಗ್ರಾಮಗಳಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗಳು ರಚಿತವಾಗಿವೆ. ಪಂಚಾಯಿತಿ ಸದಸ್ಯರು, ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಸ್ವಸಹಾಯ ಸಂಘದ ಮಹಿಳೆಯರು ಇದರಲ್ಲಿರುತ್ತಾರೆ. ಊರಿನ ಆರೋಗ್ಯದ ಸಣ್ಣಪುಟ್ಟ ವೆಚ್ಚಗಳಿಗೆಂದು ವರ್ಷಕ್ಕೆ 10,000 ರೂಪಾಯಿಗಳವರೆಗೆ ಅನಿರ್ಬಂಧಿತ ನಿಧಿಯ ಏರ್ಪಾಡೂ ಇದೆ. ನಿಮ್ಮ ಊರಿನ ಸಮಿತಿ ಕೊನೆಯ ಸಲ ಯಾವಾಗ ಸೇರಿತ್ತೆಂದು ಆಶಾ ಕಾರ್ಯಕರ್ತೆಯನ್ನು ಕೇಳುವುದರಿಂದಲೇ ಕೆಲಸವನ್ನು ಆರಂಭಿಸಬಹುದು.

2. ದಿನವನ್ನು ಗೊತ್ತುಮಾಡಿ. 2024ರಿಂದ ಆರೋಗ್ಯ ಇಲಾಖೆಯು ಈಡಿಸ್ ಮರಿಗಳ ನಿರ್ಮೂಲನಕ್ಕೆ ಶುಕ್ರವಾರವನ್ನು ಆರಿಸಿಕೊಂಡಿರುವುದರಿಂದ ಆ ದಿನವೇ ಅನುಕೂಲ; ಸಿಬ್ಬಂದಿಯ ನೆರವು ದೊರೆಯುತ್ತದೆ, ವಾರದ ನೆನಪೂ ಉಳಿಯುತ್ತದೆ. ನಿಮ್ಮ ಊರಿನ ಸಂತೆಯೋ ಕೊಬ್ಬರಿಯ ಹರಾಜೋ ಅಂದೇ ಬಿದ್ದರೆ ಬೇರೆ ದಿನವನ್ನು ಆರಿಸಿಕೊಳ್ಳಿ. ಆದರೆ ಒಮ್ಮೆ ಗೊತ್ತುಮಾಡಿದ ದಿನವನ್ನು ಬದಲಾಯಿಸಬೇಡಿ.

3. ಊರಿನ ನಕ್ಷೆಯನ್ನು ಬರೆಯಿರಿ. ಕೇರಿಕೇರಿಯ ಮನೆಗಳಿಗೂ ಸಾರ್ವಜನಿಕ ತೊಟ್ಟಿಗಳಿಗೂ ಸಂಖ್ಯೆ ಕೊಡಿ. ತೆಂಗಿನ ಸೀಮೆಯಲ್ಲಿ ಬಹಳ ಕುಟುಂಬಗಳು ತೋಟದ ಮನೆಗಳಲ್ಲಿ ಚದುರಿಕೊಂಡಿರುವುದರಿಂದ ಅವು ನಕ್ಷೆಯಿಂದ ಬಿಟ್ಟುಹೋಗದಂತೆ ನೋಡಿಕೊಳ್ಳತಕ್ಕದ್ದು. ಬಿಟ್ಟುಹೋದ ಹತ್ತು ಮನೆಗಳು ಉಳಿದ ತೊಂಬತ್ತು ಮನೆಗಳ ಶ್ರಮವನ್ನು ವ್ಯರ್ಥಗೊಳಿಸಬಲ್ಲವು.

4. ಜೋಡಿಗಳಿಗೆ ಮನೆಗಳನ್ನು ಹಂಚಿ. ಇಬ್ಬರು ಸ್ವಯಂಸೇವಕರಿಗೆ 20ರಿಂದ 25 ಮನೆಗಳು ಸಾಕು. ಜೋಡಿಯಲ್ಲಿ ಒಬ್ಬರಾದರೂ ಮಹಿಳೆಯಿದ್ದರೆ ಅಡಿಗೆಮನೆ, ಬಚ್ಚಲುಮನೆಗಳವರೆಗೆ ಹೋಗಿ ನೋಡಲು ಸಂಕೋಚವಿರುವುದಿಲ್ಲ. ಅವರು ಆ ಕೇರಿಯವರೇ ಆಗಿದ್ದರೆ ಇನ್ನೂ ಒಳ್ಳೆಯದು.

5. ಕೆಲಸಕ್ಕೆ ಮುಂಚೆ ಒಮ್ಮೆ ಎಣಿಸಿ. ನೋಡಿದ ಮನೆಗಳೆಷ್ಟು, ಅವುಗಳಲ್ಲಿ ಹುಳು ಸಿಕ್ಕ ಮನೆಗಳೆಷ್ಟು ಎಂಬುದನ್ನು ಬರೆದುಕೊಳ್ಳಿ. ಹುಳು ಸಿಕ್ಕ ಮನೆಗಳನ್ನು ನೋಡಿದ ಮನೆಗಳಿಂದ ಭಾಗಿಸಿ 100ರಿಂದ ಗುಣಿಸಿದರೆ ಬರುವುದೇ ಮನೆ ಸೂಚ್ಯಂಕ. ಉದಾಹರಣೆಗೆ, 120 ಮನೆಗಳಲ್ಲಿ 18ರಲ್ಲಿ ಹುಳು ಸಿಕ್ಕರೆ ಸೂಚ್ಯಂಕ 15. ಇದು 10ನ್ನು ಮೀರಿದ್ದರೆ ರೋಗ ಹರಡುವ ಅಪಾಯ ಹೆಚ್ಚೆಂದೂ, 1ಕ್ಕಿಂತ ಕೆಳಗಿದ್ದರೆ ಕಡಮೆಯೆಂದೂ ಸಾಮಾನ್ಯವಾಗಿ ಎಣಿಸುತ್ತಾರೆ. ಯಾವ ಬಗೆಯ ಪಾತ್ರೆಯಲ್ಲಿ ಹುಳು ಸಿಕ್ಕಿತೆಂಬುದನ್ನೂ ಬರೆದುಕೊಂಡರೆ, ನಿಮ್ಮ ಊರಿನ ನಿಜವಾದ ತೊಡಕು ಡ್ರಮ್ಮೋ ಮಟ್ಟೆಯೋ ಎಂಬುದು ಮೊದಲ ವಾರವೇ ತಿಳಿದುಬರುತ್ತದೆ.

6. ಸಾರುವ ವ್ಯವಸ್ಥೆಯನ್ನು ಮಾಡಿ. ಬೆಳಿಗ್ಗೆ ಸಂಜೆ ಹಾಲಿನ ಡೈರಿಯ ಮುಂದೆ ಊರಿನ ಅರ್ಧಕ್ಕರ್ಧ ಮನೆಗಳವರು ಕ್ಯಾನು ಹಿಡಿದು ನಿಂತಿರುತ್ತಾರಷ್ಟೆ. ಗುರುವಾರ ಸಂಜೆ ಮತ್ತು ಶುಕ್ರವಾರ ಬೆಳಿಗ್ಗೆ ಅಲ್ಲಿ ಹೇಳುವ ಎರಡು ಮಾತು ನೂರು ಕರಪತ್ರಗಳಿಗೆ ಸಮ. ಮಳೆಗಾಲದ ಆರಂಭದಲ್ಲೊಮ್ಮೆ, ಮೂಡಲಪಾಯದ ಭಾಗವತರೋ ಭಜನಾಮಂಡಳಿಯವರೋ ಈ ವಿಷಯವನ್ನು ತಮ್ಮ ಪ್ರದರ್ಶನದ ನಡುವೆ ಸೇರಿಸಿಕೊಳ್ಳುವಂತೆ ಕೇಳಿಕೊಳ್ಳಿ. ಕಲಾಜಾಥಾದ ಅನುಭವ ಅದರ ಪ್ರಯೋಜನವನ್ನು ಆಗಲೇ ತೋರಿಸಿಕೊಟ್ಟಿದೆ.

7. ಮಟ್ಟೆಯ ವಿಲೇವಾರಿಗೆ ದಾರಿ ಮಾಡಿ. ಕಾಯಿ ಸುಲಿಸಿದ ವಾರದೊಳಗೆ ಮಟ್ಟೆ ನಾರಿನ ಘಟಕಕ್ಕೋ ತೋಟಕ್ಕೋ ಸಾಗುವಂತೆ ಕೇರಿಯವರು ಕೂಡಿ ಒಂದು ಟ್ರ್ಯಾಕ್ಟರನ್ನು ಗೊತ್ತುಮಾಡಿಕೊಂಡರೆ ಬಾಡಿಗೆ ಹಗುರವಾಗುತ್ತದೆ.

8. ಫಲಿತಾಂಶವನ್ನು ಫಲಕದಲ್ಲಿ ಬರೆಯಿರಿ. ಪಂಚಾಯಿತಿಯ ಕಚೇರಿಯ ಮುಂದೆ ಕೇರಿವಾರು ಸೂಚ್ಯಂಕವನ್ನು ವಾರವಾರವೂ ಬರೆದರೆ, ಯಾರ ಮನೆಯನ್ನೂ ಹೆಸರಿಸದೆಯೇ ಒಳ್ಳೆಯ ಸ್ಪರ್ಧೆ ಹುಟ್ಟುತ್ತದೆ.

ಶುಕ್ರವಾರ ಮನೆಯಲ್ಲಿ ಮಾಡತಕ್ಕ ಕೆಲಸ

ಸ್ವಯಂಸೇವಕರು ಬಾಗಿಲಲ್ಲಿ ನಿಂತು ಅಪ್ಪಣೆ ಮಾಡತಕ್ಕದ್ದಲ್ಲ. “ಅಕ್ಕಾ, ತೊಟ್ಟೀಲಿ ಹುಳ ಇದ್ಯಾ ನೋಡೋಣ, ನೀವೂ ಬನ್ನಿ” ಎಂದು ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ, ಟಾರ್ಚು ಹಾಕಿ, ಬಿಳಿಯ ತಟ್ಟೆಯಲ್ಲಿ ಅವರಿಗೇ ತೋರಿಸಬೇಕು. ಕೆಲಸವನ್ನು ಮಾಡಬೇಕಾದವರು ಮನೆಯವರೇ. ಸ್ವಯಂಸೇವಕರು ನೆನಪಿಸುವವರು, ತೋರಿಸಿಕೊಡುವವರು, ವೃದ್ಧರೂ ಅಶಕ್ತರೂ ಇರುವ ಮನೆಗಳಲ್ಲಿ ಮಾತ್ರ ಕೈಜೋಡಿಸುವವರು.

1. ಡ್ರಮ್ಮು, ಬಾನಿ, ಸಣ್ಣ ತೊಟ್ಟಿಗಳ ನೀರನ್ನು ಬಟ್ಟೆ ಒಗೆಯಲೋ ಗಿಡಗಳಿಗೋ ಬಳಸಿ ಬರಿದುಮಾಡಿ. ಹುಳುಗಳಿರುವ ನೀರನ್ನು ಒಣನೆಲದ ಮೇಲೆ ಹರಡಿ ಚೆಲ್ಲಿ. ಅಲ್ಲಿ ಅವು ಉಳಿಯಲಾರವು.

2. ಒಳಮೈಯನ್ನು, ವಿಶೇಷವಾಗಿ ನೀರಿನ ಗೆರೆ ಮೂಡಿರುವ ಭಾಗವನ್ನು, ತೆಂಗಿನ ನಾರಿನಿಂದ ಗಟ್ಟಿಯಾಗಿ ಉಜ್ಜಿ ತೊಳೆದು, ಸಾಧ್ಯವಾದರೆ ಒಂದು ಗಳಿಗೆ ಬಿಸಿಲಿಗೆ ಬೋರಲು ಹಾಕಿ, ಆಮೇಲೆ ತುಂಬಿ.

3. ತುಂಬಿದೊಡನೆ ಮುಚ್ಚಿ. ಮುಚ್ಚಳ ಸಡಿಲವಾಗಿದ್ದರೆ ಹಳೆಯ ಪಂಚೆಯನ್ನು ಎರಡು ಪದರ ಮಾಡಿ ಹೊದಿಸಿ, ಸುತ್ತಲೂ ದಾರದಿಂದ ಬಿಗಿಯಾಗಿ ಕಟ್ಟಿ. ಬೆರಳು ತೂರುವಷ್ಟು ಸಂದು ಸೊಳ್ಳೆಗೆ ಹೆಬ್ಬಾಗಿಲೇ ಸರಿ.

4. ಕರಟ, ಬುರುಡೆ, ಒಡೆದ ಪಾತ್ರೆಗಳನ್ನೆಲ್ಲ ಆಯ್ದು, ಮಾರುವುದಕ್ಕೆ ಬರುವ ಚಿಪ್ಪನ್ನು ಚೀಲದಲ್ಲಿ ತುಂಬಿ ಸೂರಿನ ಕೆಳಗಿಡಿ. ಉಳಿದುದನ್ನು ಬೋರಲು ಹಾಕಿ. ಎಳನೀರಿನ ಬುರುಡೆಯನ್ನು ಎರಡಾಗಿ ಸೀಳಿ ಬೋರಲಾಗಿ ಒಣಗಿಸಿದರೆ ಉರುವಲಾಗುತ್ತದೆ. ಇಲಿ ಕೊರೆದ ಕಾಯನ್ನು ಒಡೆದು ನೀರು ಬಸಿದು ಗೊಬ್ಬರದ ಗುಂಡಿಗೆ ಹಾಕಿ.

5. ತೋಟಕ್ಕೆ ಹಾಕುವ ಮಟ್ಟೆಯ ವಿಚಾರದಲ್ಲಿ ಕೃಷಿಯ ಹಿತವೂ ಆರೋಗ್ಯದ ಹಿತವೂ ಒಂದೇ. ಪಾತಿಯ ಮೇಲೆ ತೇವ ಉಳಿಯಲೆಂದು ಹೊದಿಸುವ ಮಟ್ಟೆಯನ್ನು ಉಬ್ಬಿದ ಬೆನ್ನು ಮೇಲಾಗುವಂತೆ ಬೋರಲಾಗಿ ಹರಡಬೇಕು. ಮರಗಳ ನಡುವಣ ಕಂದಕದಲ್ಲಿ ಹೂಳುವಾಗ, ನೀರನ್ನು ಹಿಡಿದಿಟ್ಟುಕೊಳ್ಳಲೆಂದು ಅಂಗಾತ ಜೋಡಿಸುವುದು ವಾಡಿಕೆ. ಆಗ ಪದರ ಪದರಕ್ಕೂ ಮಣ್ಣು ಹಾಕಿ, ಮೇಲೆ ಪೂರ್ತಿಯಾಗಿ ಮುಚ್ಚಲೇಬೇಕು. ಹೂತ ಮಟ್ಟೆ ವರ್ಷಗಳವರೆಗೆ ಬೇರಿಗೆ ತೇವವನ್ನು ಕೊಡುತ್ತದೆ. ತೆರೆದು ಬಿಟ್ಟ ಮಟ್ಟೆ ಸೊಳ್ಳೆಯನ್ನು ಸಾಕುತ್ತದೆ.

6. ಬರಿದುಮಾಡಲಾಗದ ದೊಡ್ಡ ತೊಟ್ಟಿ, ಬಳಸದ ಬಾವಿಗಳ ಪಟ್ಟಿಯನ್ನು ಆರೋಗ್ಯ ಸಿಬ್ಬಂದಿಗೆ ಕೊಡಿ.

ಮೀನು ಬಿಡುವ ವಿಚಾರ

ಬರಿದುಮಾಡಲಾಗದ ತೊಟ್ಟಿ ಬಾವಿಗಳಿಗೆ ಗಪ್ಪಿ, ಗ್ಯಾಂಬೂಸಿಯ ಮೀನುಗಳು ಉಪಯುಕ್ತವಾದುವು. ಗ್ಯಾಂಬೂಸಿಯವನ್ನು ಡಾ. ಬಿ. ಎ. ರಾವ್ ಅವರು ಇಟಲಿಯಿಂದ ಭಾರತಕ್ಕೆ ತಂದದ್ದು 1928ರಲ್ಲಿ. ಕರ್ನಾಟಕದ ಗ್ರಾಮಗಳ ಬಾವಿಗಳಲ್ಲಿ ಇಂತಹ ಮೀನುಗಳನ್ನು ಬಿಟ್ಟು ಮಲೇರಿಯಾದ ಸೊಳ್ಳೆಯನ್ನು ತಗ್ಗಿಸಿದ ಪ್ರಯೋಗಗಳೂ ನಡೆದಿವೆ. ಆರೋಗ್ಯ ಅಥವಾ ಮೀನುಗಾರಿಕೆ ಇಲಾಖೆಯ ಮೂಲಕ ಇವನ್ನು ಪಡೆಯಬಹುದು. ಆದರೆ ಎರಡು ನಿಯಮಗಳನ್ನು ಮೀರಬಾರದು. ಈ ಮೀನುಗಳನ್ನು ಕೆರೆ, ಹಳ್ಳಗಳಿಗೆ ಎಂದಿಗೂ ಬಿಡಬೇಡಿ. ಹೊರನಾಡಿನ ಈ ಜಾತಿಗಳು ನಮ್ಮ ನೀರಿನ ಸಣ್ಣ ಮೀನುಗಳಿಗೂ ಕಪ್ಪೆಮರಿಗಳಿಗೂ ಕಂಟಕವಾಗುತ್ತವೆ. ಮೀನು ಬಿಟ್ಟ ತೊಟ್ಟಿಗೆ ಬ್ಲೀಚಿಂಗ್ ಪುಡಿ ಹಾಕಿದರೆ ಮೀನು ಸಾಯುತ್ತದೆ. ಆದುದರಿಂದ ಯಾವ ತೊಟ್ಟಿಯಲ್ಲಿ ಮೀನಿದೆಯೆಂಬುದನ್ನು ನೀರುಗಂಟಿಗೆ ತಿಳಿಸಿ, ತೊಟ್ಟಿಯ ಮೇಲೆಯೂ ಬರೆದಿಡಿ.

ಎಚ್ಚರಿಕೆಗಳು

ಕಾರ್ಯಕ್ರಮ ಎಷ್ಟೇ ಚೆನ್ನಾಗಿ ನಡೆದರೂ ಕೆಲವರಿಗೆ ಜ್ವರ ಬಂದೇ ಬರುತ್ತದೆ. ಆಗ ಈ ವಿವೇಕವನ್ನು ಎಲ್ಲ ಮನೆಗಳಿಗೂ ತಿಳಿಸತಕ್ಕದ್ದು.

1. ತಾಪ ಇಳಿಸಲು ವೈದ್ಯರು ಹೇಳಿದ ಪ್ರಮಾಣದ ಪ್ಯಾರಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದ ನೋವಿನ ಗುಳಿಗೆಗಳೂ ಚುಚ್ಚುಮದ್ದುಗಳೂ ರಕ್ತಸ್ರಾವಕ್ಕೆ ಎಡೆಗೊಡಬಹುದು.

2. ನೀರು, ಗಂಜಿ, ಎಳನೀರು, ಓಆರ್‌ಎಸ್ ದ್ರಾವಣಗಳನ್ನು ಆಗಾಗ ಕೊಡಿ. ಮನೆಮದ್ದನ್ನು ನಂಬಿ ಆಸ್ಪತ್ರೆಗೆ ಹೋಗುವುದನ್ನು ತಡಮಾಡಬೇಡಿ.

3. ರಕ್ತಪರೀಕ್ಷೆಗೆ ಕಾಲವುಂಟು: ಮೊದಲ ಐದು ದಿನಗಳಲ್ಲಿ ಎನ್‌ಎಸ್1, ಅನಂತರ ಐಜಿಎಂ ಪರೀಕ್ಷೆ. ಜ್ವರ ಬಂದ ದಿನಾಂಕವನ್ನು ಸರಿಯಾಗಿ ಹೇಳುವುದು ಆದುದರಿಂದ ಮುಖ್ಯ.

4. ಜ್ವರ ಇಳಿದ ಹೊತ್ತೇ ಅಪಾಯದ ಹೊತ್ತಾಗಬಹುದು. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಮೂಗುಗಳಲ್ಲಿ ರಕ್ತ, ಕಪ್ಪು ಮಲ, ಮಂಪರು, ತಣ್ಣಗಾದ ಕೈಕಾಲು, ಮೂತ್ರ ಕಡಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಕರೆದೊಯ್ಯಿರಿ. ಗರ್ಭಿಣಿಯರು, ಎಳೆಯ ಮಕ್ಕಳು, ವೃದ್ಧರು, ಹಿಂದೆ ಒಮ್ಮೆ ಡೆಂಗಿ ಆದವರು, ಇವರ ವಿಷಯದಲ್ಲಿ ಹೆಚ್ಚಿನ ಜಾಗರೂಕತೆ ಬೇಕು. ಡೆಂಗಿಯ ವೈರಾಣುವಿನಲ್ಲಿ ನಾಲ್ಕು ಬಗೆಗಳಿದ್ದು, ಬೇರೊಂದು ಬಗೆಯಿಂದ ಎರಡನೆಯ ಸಲ ಬಂದಾಗ ರೋಗ ಉಲ್ಬಣಿಸುವ ಸಂಭವ ಹೆಚ್ಚು.

5. ರೋಗಿಯನ್ನು ಹಗಲಿನಲ್ಲಿಯೂ ಪರದೆಯೊಳಗೆ ಮಲಗಿಸಿ. ಅವರನ್ನು ಕಚ್ಚಿದ ಸೊಳ್ಳೆಯೇ ಮುಂದೆ ನೆರೆಯವರಿಗೆ ರೋಗವನ್ನು ಒಯ್ಯುತ್ತದೆ. ಜ್ವರದ ಸುದ್ದಿಯನ್ನು ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಸುತ್ತಲಿನ ಮನೆಗಳನ್ನು ಕೂಡಲೇ ನೋಡಬಹುದು.

6. ನೀರಿನಲ್ಲಿರುವ ಸೊಳ್ಳೆಯ ಮರಿಗಳನ್ನು ಕೊಲ್ಲುವ ಟೆಮಿಫಾಸ್ ಮುಂತಾದ ಔಷಧಗಳನ್ನು ಆರೋಗ್ಯ ಸಿಬ್ಬಂದಿಯೇ ಅಳತೆಯಂತೆ ಹಾಕಬೇಕು. ತೋಟಕ್ಕೆ ಸಿಂಪಡಿಸುವ ಕೀಟನಾಶಕವನ್ನು ನೀರಿನ ತೊಟ್ಟಿಗೆ ಎಂದಿಗೂ ಹಾಕಬೇಡಿ.

7. ಶಾಲೆಯ ಮಕ್ಕಳನ್ನು ತಮ್ಮ ತಮ್ಮ ಮನೆಗಳ ಪರಿಶೀಲನೆಗೆ ಮಾತ್ರ ಹಚ್ಚಿ. ಬಾವಿ, ಸಂಪು, ಮಾಳಿಗೆಗಳ ಬಳಿ ಅವರನ್ನು ಕಳುಹಿಸಕೂಡದು.

ಸಾಮಾನ್ಯವಾದ ತಪ್ಪುಗಳು

ಮೊದಲನೆಯ ತಪ್ಪು, ಹೊಗೆಯನ್ನೇ ನೆಚ್ಚುವುದು. ಹೊಗೆಯಂತ್ರವು ಆ ಗಳಿಗೆಯಲ್ಲಿ ಹಾರುತ್ತಿರುವ ಸೊಳ್ಳೆಗಳನ್ನು ಮಾತ್ರ ಕೊಲ್ಲುತ್ತದೆ. ನೀರಿನೊಳಗಿನ ಮರಿಗಳಿಗೆ ಅದರಿಂದ ಏನೂ ಆಗುವುದಿಲ್ಲ. ಹೊಗೆ ಹಾಕಿಸಿದ ಕಾರಣದಿಂದ ಶುಕ್ರವಾರದ ಕೆಲಸವನ್ನು ಬಿಟ್ಟ ಊರು ಮರುವಾರವೇ ಸೊಳ್ಳೆಯನ್ನು ಕಾಣುತ್ತದೆ.

ಎರಡನೆಯದು, ಚರಂಡಿಯನ್ನು ಮಾತ್ರ ಶುಚಿಮಾಡಿ ತೃಪ್ತರಾಗುವುದು. ಚರಂಡಿಯ ನೈರ್ಮಲ್ಯ ಅವಶ್ಯವೇ. ಆದರೆ ಡೆಂಗಿಯ ಮೂಲವು ನಾವು ಜೋಪಾನವಾಗಿ ತುಂಬಿಟ್ಟ ತಿಳಿನೀರಿನಲ್ಲಿಯೂ ಅಂಗಾತ ಬಿದ್ದ ಕರಟದಲ್ಲಿಯೂ ಇರುತ್ತದೆ.

ಮೂರನೆಯದು, ಒಂದು ದಿನದ ಶ್ರಮದಾನವನ್ನು ಕಾರ್ಯಕ್ರಮವೆಂದು ಭಾವಿಸುವುದು. ಹಾರ ತುರಾಯಿಗಳೊಡನೆ ಆರಂಭವಾಗಿ ಛಾಯಾಚಿತ್ರದೊಡನೆ ಮುಗಿದುಹೋಗುವ ಶ್ರಮದಾನದ ಫಲ ಒಂದೇ ವಾರದ್ದು. ಅದಕ್ಕಿಂತ ಸಣ್ಣದಾಗಿ ತೊಡಗಿ ಎಡೆಬಿಡದೆ ನಡೆಸುವುದು ಶ್ರೇಷ್ಠ.

ನಾಲ್ಕನೆಯದು, ಹುಳು ಸಿಕ್ಕ ಮನೆಯವರನ್ನು ಹತ್ತು ಜನರ ಮುಂದೆ ಹಳಿಯುವುದು. ಹಾಗೆ ನೊಂದವರು ಮುಂದಿನ ವಾರ ಬಾಗಿಲು ತೆರೆಯುವುದಿಲ್ಲ; ಒಂದು ಬಾಗಿಲು ಮುಚ್ಚಿದರೆ ಕೇರಿಯ ರಕ್ಷಣೆಯಲ್ಲಿ ಬಿರುಕು ಬಿದ್ದಂತೆ.

ಐದನೆಯದು, ನೀರು ಸರಬರಾಜಿನ ಪ್ರಶ್ನೆಯನ್ನು ಮರೆಯುವುದು. ನಲ್ಲಿಯಲ್ಲಿ ನಿಯತವಾಗಿ ನೀರು ಬಾರದ ಊರಿನಲ್ಲಿ ಡ್ರಮ್ಮು ತುಂಬಿಡಬೇಡಿ ಎಂದು ಹೇಳುವುದು ಅನ್ಯಾಯ. ಸರಬರಾಜಿನ ವೇಳಾಪಟ್ಟಿಯನ್ನು ನಿಯತಗೊಳಿಸುವಂತೆಯೂ, ತೊಟ್ಟಿಗಳಿಗೆ ಮುಚ್ಚಳ ಒದಗಿಸುವಂತೆಯೂ ಗ್ರಾಮಸಭೆಯಲ್ಲಿ ಪಂಚಾಯಿತಿಯನ್ನು ಕೇಳುವುದು ಈ ಕಾರ್ಯಕ್ರಮದ ಅಂಗವೇ ಆಗಿದೆ.

ವರ್ಷದ ಕ್ರಮ

ರಾಷ್ಟ್ರೀಯ ಡೆಂಗಿ ದಿನವಾದ ಮೇ 16ರ ಸುಮಾರಿಗೆ ಸಮಿತಿಯ ಮೊದಲ ಸಭೆ ಸೇರಿಸಿ, ನಕ್ಷೆಯನ್ನೂ ಮೊದಲ ಎಣಿಕೆಯನ್ನೂ ಮುಗಿಸಿ. ಮಳೆಗೆ ಮುಂಚೆಯೇ ಮಟ್ಟೆಯ ಗುಡ್ಡೆಗಳನ್ನು ಸಾಗಿಸಿ. ಜೂನ್‌ನಿಂದ ನವೆಂಬರ್‌ವರೆಗೆ, ಮುಂಗಾರು ಹಿಂಗಾರುಗಳೆರಡೂ ಕಳೆಯುವ ತನಕ, ಪ್ರತಿ ಶುಕ್ರವಾರವೂ ಕೆಲಸ ತಪ್ಪದಿರಲಿ. ಡಿಸೆಂಬರಿನಲ್ಲಿ ವಾರವಾರದ ಲೆಕ್ಕಗಳನ್ನು ಕೂಡಿಸಿ ಗ್ರಾಮಸಭೆಯ ಮುಂದಿಡಿ. ಬೇಸಗೆಯಲ್ಲಿ ಕರಟಗಳ ಕೆಲಸ ಕಡಮೆಯಾದರೂ ಡ್ರಮ್ಮು ತೊಟ್ಟಿಗಳ ಉಜ್ಜುವಿಕೆ ನಿಲ್ಲಬಾರದು.

ಇಷ್ಟಕ್ಕೆ ದೊಡ್ಡ ಹಣ ಬೇಡ, ಯಂತ್ರ ಬೇಡ, ಹೊರಗಿನ ತಜ್ಞರು ಬಂದು ನೆಲೆಸಬೇಕಾಗಿಲ್ಲ. ಬೇಕಾದುದು ಒಂದು ಟಾರ್ಚು, ಒಂದು ಬಿಳಿಯ ತಟ್ಟೆ, ಒಂದು ನೋಟುಪುಸ್ತಕ, ಮತ್ತು ನೆರೆಮನೆಯ ಮಗುವಿನ ಆರೋಗ್ಯವು ನಮ್ಮ ಹಿತ್ತಿಲಿನ ಮೇಲೆ ನಿಂತಿದೆಯೆಂಬ ಅರಿವು. ಹೀಗೆ ವಾರಕ್ಕೊಮ್ಮೆ ಕೂಡಿ ದುಡಿಯುವುದನ್ನು ಕಲಿತ ಕೇರಿಗೆ ಕುಡಿಯುವ ನೀರಿನ ಶುದ್ಧಿ, ಮಕ್ಕಳ ಲಸಿಕೆ, ಗರ್ಭಿಣಿಯರ ಆರೈಕೆಗಳಂತಹ ಮುಂದಿನ ಕೆಲಸಗಳಿಗೂ ಬೇಕಾದ ಜನಬಲ ಸಿದ್ಧವಾಗಿಯೇ ಇರುತ್ತದೆ. ಬರುವ ಶುಕ್ರವಾರಕ್ಕೆ ನಿಮ್ಮ ಕೇರಿಯ ಇಬ್ಬರನ್ನು ಜೊತೆಮಾಡಿಕೊಂಡು, ನಿಮ್ಮ ಮನೆಯ ತೊಟ್ಟಿಯಿಂದಲೇ ಆರಂಭಿಸಿ.